ದಕ್ಷಿಣದ ಅಂಚಿನ ಚುಕ್ಕೆ

ಮೀನಾ ಮದುವೆಯಾಗಿ ಹುಣಸೂರಿಗೆ ಬಂದಾಗ ತವರಿನಿಂದ ಟೆಂಪೊದಲ್ಲಿ ಬಂದ ಸಾಮಾನಿನಲ್ಲಿ ಬೀರು, ಮಂಚ, ಪಾತ್ರೆಗಳ ನಡುವೆ ಜಮಖಾನ ಸುತ್ತಿದ ಒಂದು ಕಂಪ್ಯೂಟರೂ ಇತ್ತು. ಅದು ತೊಂಬತ್ತೇಳನೆಯ ಇಸವಿ. ಅವರ ಮನೆಯಿದ್ದ ಕಲ್ಕುಣಿಕೆ ಬಡಾವಣೆಯ ಆ ಬೀದಿಯಲ್ಲಿ ಯಾರ ಮನೆಯಲ್ಲೂ ಕಂಪ್ಯೂಟರ್ ಇರಲಿಲ್ಲ. ಇಳಿಸಲು ಬಂದವನು, "ಇದ್ಯಾವ್ ಟೀವಿ ಕಣ್ರೀ, ಇಷ್ಟೊಂದ್ ಭಾರ ಐತೆ?" ಎಂದು ಕೇಳಿದ. ಮೀನಾಳ ಅಪ್ಪ, ಹಾರನಹಳ್ಳಿಯ ದೊಡ್ಡಬೀರಯ್ಯ ಮಗಳಿಗೆ ಎರಡೆಳೆ ಸರ ಮಾಡಿಸಲು ಹೊರಟಿದ್ದ. ಸರ ಬೇಡ, ಇದು ಬೇಕು ಎಂದು ಮಗಳು ಹಟ ಹಿಡಿದಳು. ಬಯ್ದುಕೊಂಡೇ ಮೈಸೂರಿಗೆ ಹೋಗಿ ತಂದುಕೊಟ್ಟಿದ್ದ.

ಗಂಡ ಧರ್ಮೇಂದ್ರ ಹೊರಗಿನವನಲ್ಲ, ದೊಡ್ಡಬೀರಯ್ಯನ ಅಕ್ಕ ಬೀರಮ್ಮನ ಮಗ. ಗುರುಪುರದವನು. ಮೀನಾ ಲಂಗ ಉಡುವ ಕಾಲದಿಂದಲೂ ಅವನನ್ನು ಬಾವ ಎಂದು ಕರೆದವಳು, ಮದುವೆಯಾದ ಮೇಲೂ ಹಾಗೇ ಕರೆದಳು. ಇಬ್ಬರೂ ಮೈಸೂರಿನಲ್ಲಿ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದಿದ್ದರು. ಅವನದು ಎರಡನೆಯ ದರ್ಜೆ, ಅವಳದು ರ‍್ಯಾಂಕ್. ಅವನು ಹುಣಸೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ, ಚೆನ್ನಾಗಿಯೇ ಹೇಳುತ್ತಿದ್ದ. ಅವನ ಕ್ಲಾಸಿಗೆ ಬೇರೆ ವಿಭಾಗದ ಹುಡುಗರೂ ಬಂದು ಕೂರುತ್ತಿದ್ದರು. ಮೈಸೂರಿನಲ್ಲಿ ಒಂದು ಟ್ರಸ್ಟಿನವರು ಹೊಸದಾಗಿ ತೆರೆದಿದ್ದ ಸಂಶೋಧನಾ ಕೇಂದ್ರದಲ್ಲಿ ಪ್ರೊಫೆಸರ್ ಕಂಠಪ್ಪ ಎಂಬವರಿದ್ದರು. ಗಂಡ ಹೆಂಡತಿ ಇಬ್ಬರೂ ಅವರ ಬಳಿಯೇ ಪಿಎಚ್.ಡಿ.ಗೆ ಹೆಸರು ಬರೆಸಿದರು. ಬೀರಮ್ಮ ವಿಧವೆ, ಮಗನ ಜೊತೆಗೇ ಇದ್ದಳು.

"ನೀವಿಬ್ರೂ ಓದದಾರೂ ಏನ್ಲಾ?" ಎಂದು ಬೀರಮ್ಮ ಒಂದು ದಿನ ಮಗನನ್ನು ಕೇಳಿದಳು. ಅವನು ಸೂಪರ್‌ನೋವಾ, ಎಕ್ಸ್-ರೇ ಎಂದೇನೋ ಹೇಳಿದ. ಅವಳು ಸೊಸೆಯ ಕಡೆ ತಿರುಗಿದಳು.

ಮೀನಾ ಅಕ್ಕಿ ಆರಿಸುತ್ತಾ ಹೇಳಿದಳು: "ದೊಡ್ಡ ನಕ್ಷತ್ರ ಸಿಡಿದೋಗ್ತದೆ ಅತ್ತೆ. ಸಿಡಿದು ಎಷ್ಟೋ ಸಾವಿರ ವರ್ಷ ಆದ್ಮೇಲೂ ಅದರ ಚೂರುಗಳು ಹರಡ್ಕೊಂಡು ಹೋಗ್ತಾನೇ ಇರ್ತವೆ. ಸುತ್ತ ಇರೋ ಗಾಳಿಗೆ ಗುದ್ದಿ ಗುದ್ದಿ ಕಾಯ್ತವೆ. ಹೊಗೆಸೊಪ್ಪಿನ ಬ್ಯಾರನ್‌ನಲ್ಲಿ ಬೆಂಕಿ ಆರಿಸಿದ್ಮೇಲೂ ಗೋಡೆ ಸುಡ್ತಿರಲ್ವಾ, ಅಂಗೆ. ಆ ಬಿಸಿಗೆ ಒಂದ್ ಥರ ಬೆಳಕು ಬತ್ತದೆ. ಕಣ್ಣಿಗೆ ಕಾಣಲ್ಲ. ಆಸ್ಪತ್ರೇಲಿ ಮೂಳೆ ನೋಡ್ತಾರಲ್ಲ, ಆ ಜಾತಿದು. ಅದ್ನ ಉಪಗ್ರಹದಲ್ಲಿ ಹಿಡ್ದು ನೋಡೋದು."

"ಸತ್ತೋಗಿರದ್ನ ನೋಡದು ಅನ್ನು."

"ಹ್ಞೂಂ ಅತ್ತೆ."

"ನೋಡಿ ಏನ್ ಮಾಡ್ತೀರಿ?"

ಮೀನಾ ನಕ್ಕಳು. ಹೊಗೆಸೊಪ್ಪು ಬೇಯಿಸುವ ಮನೆಯಲ್ಲಿ ಬದುಕು ಕಳೆದಿದ್ದ ಬೀರಮ್ಮನಿಗೆ ಕಾವಿನ ಮಾತು ಅರ್ಥವಾಗಿತ್ತು. ಸೊಸೆ ಕಂಪ್ಯೂಟರ್ ಮುಂದೆ ಕೂತರೆ ಅಂದಿನಿಂದ ಅಡುಗೆಮನೆಗೆ ಕರೆಯುವುದನ್ನು ಬಿಟ್ಟಳು.

ಶನಿವಾರ ಧರ್ಮೇಂದ್ರ ಮೈಸೂರಿಗೆ ಹೋಗುತ್ತಿದ್ದ. ಕೇಂದ್ರದಲ್ಲಿ ಇಂಟರ್‌ನೆಟ್ ಇತ್ತು. ಜಪಾನಿನ ಒಂದು ಉಪಗ್ರಹ ಹಿಡಿದ ಎಕ್ಸ್-ರೇ ದತ್ತಾಂಶ ವರ್ಷ ಕಳೆದ ಮೇಲೆ ಎಲ್ಲರಿಗೂ ಸಿಗುವಂತಾಗುತ್ತಿತ್ತು. ಅದನ್ನು ಸೀಡಿಗೆ ಹಾಕಿಸಿಕೊಂಡು ಕೊನೆಯ ಬಸ್ಸಿಗೆ ಬರುತ್ತಿದ್ದ. ಅದನ್ನು ಬಿಡಿಸುವ ಕೆಲಸ ಮೀನಾಳದು. ಹಾಗೆಂದು ಯಾರೂ ಹಂಚಿಕೊಂಡದ್ದಲ್ಲ. ಅವನು ಕಾಲೇಜಿನಿಂದ ಸುಸ್ತಾಗಿ ಬರುತ್ತಿದ್ದ. ಕೂತರೂ ಒಂದು ಗ್ರಾಫು ಬರುವಷ್ಟರಲ್ಲಿ ತಾಳ್ಮೆ ಕೆಡುತ್ತಿತ್ತು. ಅವಳಿಗೋ ಮಧ್ಯಾಹ್ನ ಊಟವಾದ ಮೇಲೆ ಕರೆಂಟು ಇರುವಷ್ಟು ಹೊತ್ತು ಆ ಕೋಣೆಯೇ ಲೋಕ. ಯಾವ ಶಕ್ತಿಯ ಕಿರಣ ಎಷ್ಟು ಬಂತು ಎಂದು ಗೆರೆ ಎಳೆದರೆ ಕಬ್ಬಿಣ ಒಂದು ಕಡೆ ಗುಡ್ಡೆಯಾಗಿ ಎದ್ದು ಕಾಣುತ್ತಿತ್ತು, ಗಂಧಕ ಇನ್ನೊಂದು ಕಡೆ, ಸಿಲಿಕಾನ್ ಮತ್ತೊಂದು ಕಡೆ. ನಕ್ಷತ್ರದ ಹೊಟ್ಟೆಯಲ್ಲಿ ಬೆಂದಿದ್ದೆಲ್ಲ ಅಲ್ಲಿತ್ತು.

ಅವರು ಆರಿಸಿಕೊಂಡ, ಸಿಡಿದ ನಕ್ಷತ್ರದ ಅವಶೇಷಕ್ಕೆ ಹೆಸರಿರಲಿಲ್ಲ, ಒಂದಿಷ್ಟು ಅಂಕಿಗಳಿದ್ದವು. ಒಡೆದ ಬಳೆಯ ಆಕಾರ. ಅದರ ದಕ್ಷಿಣದ ಅಂಚಿನಲ್ಲಿ ಒಂದು ಸಣ್ಣ ಜಾಗ ಉಳಿದದ್ದರಂತಿರಲಿಲ್ಲ. ಕಬ್ಬಿಣವಿಲ್ಲ, ಗಂಧಕವಿಲ್ಲ, ಯಾವ ಗುಡ್ಡೆಯೂ ಇಲ್ಲ. ಗೆರೆ ನುಣ್ಣಗೆ ಇಳಿದುಕೊಂಡು ಹೋಗುತ್ತಿತ್ತು. ಇಂಥ ಗೆರೆ ಬರಬೇಕಾದರೆ ಎಲೆಕ್ಟ್ರಾನುಗಳು ಅಲ್ಲಿ ಹೇಳಲಾಗದ ವೇಗಕ್ಕೆ ಏರಿರಬೇಕು. ಅಂಥದ್ದು ಆಗ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಅವಶೇಷಗಳಲ್ಲಿ ಮಾತ್ರ ಗೊತ್ತಿತ್ತು.

ಧರ್ಮೇಂದ್ರ ಕಾಲೇಜಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಮೀನಾ ಅವನ ಕೈ ಹಿಡಿದು ಎಳೆದುಕೊಂಡು ಹೋದಳು.

"ಬಾವ, ಇಲ್ಲಿ ನೋಡಿ. ಬಾಕಿ ಎಲ್ಲಾ ಕಡೆ ಗುಡ್ಡೆ ಐತೆ. ಇಲ್ಲಿ ಐತಾ?"

ಅವನು ಬಗ್ಗಿ ನೋಡಿದ. "ಇಲ್ಲ."

"ಅಂದ್ರೆ?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಾಗ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಆಗಲೇ ಅವಳಿಗೆ ಮೂರು ತಿಂಗಳು. ಹಜಾರದಿಂದ ಬೀರಮ್ಮ, "ಲೇ, ಬಸುರಿ ಕಣ್ಲಾ ಅದು, ಇಳ್ಸು!" ಎಂದು ಕೂಗಿದಳು. ಮೀನಾಳ ಮಟ್ಟಿಗೆ ಆ ಮನೆಯ ಅತಿ ಒಳ್ಳೆಯ ದಿನ ಅದು.

ಮುಂದಿನ ಶನಿವಾರ ಧರ್ಮೇಂದ್ರ ಪ್ರೊಫೆಸರಿಗೆ ಹೇಳಿದ. ಹೇಳುವಾಗ 'ನನಗೆ ಹೀಗೆ ಕಂಡಿತು ಸರ್' ಎಂದ. 'ನಮಗೆ' ಎನ್ನಬೇಕಿತ್ತು ಎಂದು ಬಸ್ಸಿನಲ್ಲಿ ಬರುವಾಗ ಅವನಿಗೇ ಅನ್ನಿಸಿತಂತೆ. ಮನೆಗೆ ಬಂದು ಅವನೇ ಅದನ್ನು ಹೇಳಿಕೊಂಡ. ಮೀನಾ, "ಬುಡಿ ಬಾವ, ನಿಮ್ದಾದ್ರೇನು ನಂದಾದ್ರೇನು" ಎಂದಳು. ಕಂಠಪ್ಪನವರು ಸಂಭ್ರಮದಲ್ಲಿ ಪುಣೆಯ ಒಂದು ಸಮ್ಮೇಳನಕ್ಕೆ ಸಾರಾಂಶ ಕಳಿಸಿದರು. ಅದರಲ್ಲಿ ಧರ್ಮೇಂದ್ರನ ಹೆಸರು, ಅವರ ಹೆಸರು.

ಹೆರಿಗೆಗೆ ಮೀನಾ ಹಾರನಹಳ್ಳಿಗೆ ಹೋದಳು. ಆ ವರ್ಷದ ಪ್ರಗತಿಯ ಸೆಮಿನಾರಿಗೆ ಬರಲಾಗುವುದಿಲ್ಲ, ರಜೆ ಕೊಡಿ ಎಂಬ ಅರ್ಜಿಯನ್ನು ಗಂಡನ ಕೈಗೆ ಕೊಟ್ಟಿದ್ದಳು. ಅವನು ಅದನ್ನು ಕೊಡಲು ಮರೆತ. ಮರೆತದ್ದು ನಿಜವೇ ಇರಬೇಕು, ಅವನು ಅಂಥ ಲೆಕ್ಕಾಚಾರದವನಲ್ಲ. ಮಗಳನ್ನು ಎತ್ತಿಕೊಂಡು ಹುಣಸೂರಿಗೆ ವಾಪಸು ಬರುವ ಹೊತ್ತಿಗೆ ಅವಳ ನೋಂದಣಿ ರದ್ದಾಗಿತ್ತು.

"ಮುಂದಿನ್ ವರ್ಷ ಮತ್ತೆ ಹಾಕ್ಸಣ," ಎಂದ ಧರ್ಮೇಂದ್ರ. "ಮಗು ಒಂದಿಷ್ಟು ದೊಡ್ಡದಾಗ್ಲಿ. ಮೊದ್ಲು ನಂದು ಮುಗೀಲಿ."

ಮಗುವಿಗೆ ರೂಪಶ್ರೀ ಎಂದು ಹೆಸರಿಟ್ಟರು. ಬೀರಮ್ಮ ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವಾಗ ಮೀನಾ ಮತ್ತೆ ಕಂಪ್ಯೂಟರ್ ಮುಂದೆ ಕೂತಳು. ಗಂಡನ ಪ್ರಬಂಧಕ್ಕೆ ಚಿತ್ರಗಳನ್ನು ಹೊಸದಾಗಿ ಮಾಡಬೇಕಿತ್ತು. ದಕ್ಷಿಣದ ಅಂಚಿಗೆ ಬಂದಾಗ ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು.

ನಮಗೂ ಆ ಅವಶೇಷಕ್ಕೂ ನಡುವೆ ಅನಿಲ, ಧೂಳು ತುಂಬಿರುತ್ತದೆ. ಅದು ಕಡಿಮೆ ಶಕ್ತಿಯ ಎಕ್ಸ್-ರೇಗಳನ್ನು ನುಂಗಿಕೊಳ್ಳುತ್ತದೆ. ದೂರ ಹೆಚ್ಚಿದಷ್ಟೂ ನುಂಗಿದ್ದು ಹೆಚ್ಚು. ಬಳೆಯ ಉಳಿದ ಭಾಗಗಳಲ್ಲಿ ಆ ನುಂಗಿದ ಲೆಕ್ಕ ಒಂದೇ ತೆರನಾಗಿತ್ತು. ದಕ್ಷಿಣದ ಚುಕ್ಕೆಯಲ್ಲಿ ಮಾತ್ರ ಅದು ಎಷ್ಟೋ ಪಟ್ಟು ಹೆಚ್ಚು. ಮೊದಲ ಸಲ ಸಂಭ್ರಮದಲ್ಲಿ ಅವಳು ಅದನ್ನು ಗಮನಿಸಿರಲಿಲ್ಲ. ಈಗ ಎಷ್ಟು ಬಗೆಯಲ್ಲಿ ನೋಡಿದರೂ ಅದೇ ಬಂತು. ಆ ಚುಕ್ಕೆ ಬಳೆಯ ಮೇಲೆ ಇರಲಿಲ್ಲ. ಬಳೆಯ ಹಿಂದೆ, ಬಹಳ ಬಹಳ ದೂರದಲ್ಲಿದ್ದ ಬೇರೆ ಯಾವುದೋ ಗೆಲಾಕ್ಸಿಯದು. ಜಪಾನಿನವರ ದೂರದರ್ಶಕದ ಕಣ್ಣು ಅಷ್ಟು ಚುರುಕಿರಲಿಲ್ಲ, ಹಿಂದಿನದ್ದೂ ಮುಂದಿನದ್ದೂ ಕಲಸಿಕೊಂಡು ಅಂಚಿನ ಭಾಗವೇ ಹಾಗೆ ಎಂಬಂತೆ ಕಂಡಿತ್ತು.

ಅವಳಿಗೆ ಬೇಸರವಾಗಲಿಲ್ಲ ಎಂದಲ್ಲ. ಆದರೂ ಗೊತ್ತಾಯಿತಲ್ಲ ಎಂಬ ಸಮಾಧಾನವೂ ಇತ್ತು. ಸಂಜೆ ಧರ್ಮೇಂದ್ರ ಕಾಫಿ ಕುಡಿಯುವಾಗ ಹೇಳಿದಳು.

ಅವನು ಲೋಟ ಕೆಳಗಿಟ್ಟ. "ಈಗ ಹೇಳ್ತಾ ಇದೀಯಲ್ಲ ಮೀನಾ."

"ಈಗ ಗೊತ್ತಾಗಿದ್ದು ಬಾವ."

"ಪುಣೇಲಿ ಮಾತಾಡಿ ಬಂದಾಯ್ತು. ಕಂಠಪ್ಪನೋರು ಊರಿಗೆಲ್ಲ ಹೇಳವ್ರೆ. ಪೇಪರ್ ಅರ್ಧ ಬರ್ದಾಗೈತೆ. ಈಗ ಹೋಗಿ ಇಲ್ಲ ಸಾರ್, ಅದು ಯಾವ್ದೋ ಹಿಂದಿಂದು ಅನ್ನಾದಾ?"

"ಅನ್ನಬೇಕು. ಇಲ್ದಿದ್ರೆ ಸುಳ್ಳಾಗ್ತದೆ."

"ಸುಳ್ಳು ಯಾಕಾಗ್ತದೆ? ಆ ನುಂಗಿದ್ ಲೆಕ್ಕಾನ ಬಾಕಿ ಕಡೆ ಇರೋಷ್ಟಕ್ಕೇ ಕಟ್ಟಿಹಾಕಿ ನೋಡು. ಗೆರೆ ದತ್ತಾಂಶದ ಮೇಲೆ ಕೂರಲ್ವಾ?"

"ಕೂರ್ತದೆ, ಚೆನ್ನಾಗಿ ಕೂರಲ್ಲ. ಕಡಿಮೆ ಶಕ್ತಿ ಕಡೆ ಬುಟ್ಕೊತದೆ."

"ಬುಟ್ಕೊಂಡ್ರೂ ಒಪ್ಪೋವಷ್ಟು ಐತಲ್ಲ?"

ಒಪ್ಪುವಷ್ಟು ಇತ್ತು, ಒಪ್ಪಬೇಕೆಂದುಕೊಂಡವರಿಗೆ. "ಬಾವ, ಕಟ್ಟಿಹಾಕಿದ್ರೆ ನಾವೇ ಉತ್ತರ ಹೇಳಿಕೊಟ್ಟಂಗೆ ಆಗ್ತದೆ. ನಂಗೆ ಇದು ಬ್ಯಾಡ."

"ನಿನ್ನ್ಯಾರು ಕೇಳುದ್ರು? ಪೇಪರ್ ನಂದು," ಎಂದ ಅವನು. ಅಂದ ಮೇಲೆ ತಾನೇ ಬೆಚ್ಚಿದವನಂತೆ ಎದ್ದು ಹೊರಗೆ ಹೋದ. ಬಹಳ ಹೊತ್ತಿನ ಮೇಲೆ ಮಗುವಿಗೆ ಗಿಲಕಿ ಕೊಂಡುಕೊಂಡು ಬಂದ. ಕ್ಷಮೆ ಕೇಳಲಿಲ್ಲ. ಮರುದಿನ ಕಾಲೇಜಿಗೆ ರಜೆ ಹಾಕಿ, ಅವಳು ಒಲೆಯ ಮುಂದಿದ್ದಾಗ ತಾನೇ ಕೂತು ಆ ಸಂಖ್ಯೆಯನ್ನು ಕಟ್ಟಿಹಾಕಿ ಗ್ರಾಫು ತೆಗೆದ. ಮದುವೆಯಾದ ಮೇಲೆ ಆ ಯಂತ್ರದಲ್ಲಿ ಅವನು ಒಬ್ಬನೇ ಮಾಡಿ ಮುಗಿಸಿದ ಕೆಲಸ ಅದೊಂದೇ.

ಪ್ರಬಂಧ ವಿದೇಶದ ಪತ್ರಿಕೆಯಲ್ಲಿ ಬಂತು. ಹೆಂಡತಿಯ ಹೆಸರು ಸೇರಿಸಿದರೆ ಮನೆಯವರನ್ನೆಲ್ಲ ಹಾಕಿಕೊಂಡ ಅಂತಾರೆ ಎಂದು ಕಂಠಪ್ಪನವರು ಹೇಳಿದರಂತೆ. ಕೊನೆಯಲ್ಲಿ ಕೃತಜ್ಞತೆ ಹೇಳುವ ಕಡೆ ಟ್ರಸ್ಟಿನವರ ಹೆಸರಿತ್ತು, ಕಾಲೇಜಿನ ಹೆಸರಿತ್ತು. ಮೀನಾ ಹುಡುಕಿ ನೋಡಿ, ಪುಟ ಮಡಚಿ ಅವನ ಮೇಜಿನ ಮೇಲಿಟ್ಟಳು.

ಡಾಕ್ಟರೇಟ್ ಬಂದಾಗ ಕಾಲೇಜಿನವರು ಸನ್ಮಾನ ಇಟ್ಟುಕೊಂಡರು. ಬಸ್ ಸ್ಟ್ಯಾಂಡಿನಿಂದ ಕಾಲೇಜಿನವರೆಗೆ ಬ್ಯಾನರ್ ಕಟ್ಟಿದ್ದರು. ಎರಡು ಸಾವಿರನೆಯ ಇಸವಿ, ಹೊಸ ಶತಮಾನದ ನಕ್ಷತ್ರ ವಿಜ್ಞಾನಿ ಎಂದೆಲ್ಲ ಬರೆಸಿದ್ದರು. ಮೈಸೂರು ಪೇಟ, ಶಾಲು, ಗಂಧದ ಹಾರ. ಹಡೆದ ತಾಯಿ ಎರಡು ಮಾತಾಡಲಿ ಎಂದು ಯಾರೋ ಕೂಗಿದರು. ಬೀರಮ್ಮ ಬೇಡ ಬೇಡ ಅನ್ನುತ್ತಲೇ ಮೈಕಿನ ಮುಂದೆ ಹೋದಳು.

"ನನ್ಗೇನ್ ಗೊತ್ತು ಸಾ," ಎಂದಳು. "ಇವ್ನು ಬೆಳಿಗ್ಗೆ ಎದ್ದು ಕಾಲೇಜ್ಗೋಯ್ತಾನೆ. ಆ ಪೆಟ್ಗೆ ಮುಂದೆ ಕುಂತ್ಕೊಂಡು ಬೆನ್ ಬಗ್ಗುಸ್ಕೊಂಡೋಳು ನನ್ ಸೊಸೆ. ನನ್ ತಮ್ಮನ್ ಮಗ್ಳು. ಎಲ್ಲಾ ಮಾಡ್ದೋಳು ಅವ್ಳೇ. ಇಂತದೇ ಒಂದ್ ಶಾಲ ಅವ್ಳಿಗೂ ಒದ್ಸಿ."

ಸಭೆ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿತು. ನಿರೂಪಣೆ ಮಾಡುತ್ತಿದ್ದವರು, "ನೋಡಿ, ಅತ್ತೆ ಅಂದ್ರೆ ಹೀಗಿರಬೇಕು" ಎಂದರು. ಮತ್ತೂ ಚಪ್ಪಾಳೆ ಬಂತು. ಧರ್ಮೇಂದ್ರನೂ ನಕ್ಕ. ಹೆಂಗಸರ ಸಾಲಿನಲ್ಲಿ ಮಗು ಎತ್ತಿಕೊಂಡು ಕೂತಿದ್ದ ಮೀನಾಳ ಕಡೆ ಒಂದಿಬ್ಬರು ತಿರುಗಿ ನೋಡಿದರು. ಅವಳೂ ನಗಬೇಕಾಯಿತು.

ಎರಡು ವರ್ಷ ಕಳೆದಿರಬಹುದು. ಆ ಹೊತ್ತಿಗೆ ಅಮೆರಿಕದವರು ಹಾರಿಸಿದ್ದ ಹೊಸ ಎಕ್ಸ್-ರೇ ದೂರದರ್ಶಕ ಹಳೆಯದಕ್ಕಿಂತ ನೂರಾರು ಪಟ್ಟು ಸ್ಪಷ್ಟವಾಗಿ ನೋಡುತ್ತಿತ್ತು. ಯಾವುದೋ ದೇಶದ ಮೂವರು ಸಂಶೋಧಕರು ಅದೇ ಬಳೆಯನ್ನು ನೋಡಿ ಬರೆದರು: ದಕ್ಷಿಣದ ಅಂಚಿನಲ್ಲಿ ಹಿಂದೆ ಹೇಳಿದಂಥದ್ದು ಏನೂ ಇಲ್ಲ, ಇರುವುದು ಸೂಜಿಮೊನೆಯಷ್ಟು ಸಣ್ಣ, ಬಹು ದೂರದ ಒಂದು ಗೆಲಾಕ್ಸಿ, ಹಿಂದಿನ ಲೇಖಕರು ನಡುವಿನ ಅನಿಲದ ಪ್ರಮಾಣವನ್ನು ಯಾವ ಕಾರಣಕ್ಕೆ ಕಟ್ಟಿಹಾಕಿದರೋ ತಿಳಿಯದು.

ಆಗಲೇ ಕೇಂದ್ರದಲ್ಲಿ ಒಂದು ರೀಡರ್ ಹುದ್ದೆಗೆ ಧರ್ಮೇಂದ್ರನ ಹೆಸರು ನಡೆಯುತ್ತಿತ್ತು. ಕಂಠಪ್ಪನವರು ಅವನನ್ನು ಕರೆಸಿ ಕೇಳಿದರು. ಅವನು ಏನು ಹೇಳಿದನೆಂದು ಮೀನಾಳಿಗೆ ಗೊತ್ತಾದದ್ದು ಮುಂದಿನ ಭಾನುವಾರ. ಅವತ್ತು ಮಧ್ಯಾಹ್ನ ಪ್ರೊಫೆಸರರ ಕಾರು ಕಲ್ಕುಣಿಕೆಯ ಬೀದಿಗೆ ಬಂದು ನಿಂತಿತು. ಧರ್ಮೇಂದ್ರ ಕಾರಿನ ಹಿಂದಿನ ಸೀಟಿನಿಂದ ಇಳಿದ, ಹೆಂಡತಿಯ ಮುಖ ನೋಡಲಿಲ್ಲ.

ಕಂಠಪ್ಪನವರು ಒಳ್ಳೆಯ ಮಾತಿನವರು. ಮಜ್ಜಿಗೆ ಕುಡಿದು, ಮಗುವಿನ ಹೆಸರು ಕೇಳಿ, ಆಮೇಲೆ ಶುರು ಮಾಡಿದರು. "ನೋಡಮ್ಮ ಮೀನಾ. ಆ ಪೇಪರ್‌ನ ವಿಶ್ಲೇಷಣೆ ಮನೆಯಲ್ಲಿ ನೀನು ಮಾಡಿದ್ದು, ಅವನು ನಂಬಿ ಹಾಗೇ ಹಾಕಿದ್ದು ಅಂತ ಧರ್ಮೇಂದ್ರ ಹೇಳ್ತಾನೆ. ನಿಜವೇನಮ್ಮ?"

ಮೀನಾ ಗಂಡನನ್ನು ನೋಡಿದಳು. ಅವನು ಕಿಟಕಿಯ ಸರಳು ಹಿಡಿದು ನಿಂತಿದ್ದ. ಅವಳು ಬಾಯಿ ತೆರೆಯುವ ಮೊದಲೇ ಬಾಗಿಲ ಬಳಿ ಕೂತಿದ್ದ ಬೀರಮ್ಮ ಎದ್ದು ಬಂದಳು. ಇಷ್ಟು ದಿನಕ್ಕೆ ಮಗನ ಬಾಯಲ್ಲಿ ಆ ಮಾತು ಬಂತಲ್ಲ ಎಂದು ಅವಳ ಮುಖ ಅರಳಿತ್ತು.

"ಊಂ ಸಾ, ದಿಟ. ನಾನೇ ಕಣ್ಣಾರೆ ಕಂಡಿವ್ನಿ. ಇವ್ನು ಆ ಪೆಟ್ಗೆ ಮುಂದೆ ಒಂದಿನಾನೂ ನೆಟ್ಗೆ ಕುಂತೋನಲ್ಲ. ಬಸುರಿಲೂ ಇವ್ಳೇ ಮಾಡ್ದೋಳು, ಬಾಣಂತಿಲೂ ಇವ್ಳೇ ಮಾಡ್ದೋಳು. ನಾನು ಅವತ್ತೇ ಮೈಕ್ನಾಗೆ ಹೇಳ್ನಿಲ್ವಾ? ಎಲ್ರೂ ನಕ್ಕುಬುಟ್ರಿ."

ಕಂಠಪ್ಪನವರು ತಲೆಯಾಡಿಸಿದರು. "ಕೇಳಿದೆ ಅಮ್ಮ. ನನಗೂ ನೆನಪಿದೆ."

"ಅತ್ತೆ, ನೀವ್ ಸ್ವಲ್ಪ ಸುಮ್ನಿರಿ," ಎಂದಳು ಮೀನಾ. "ಸರ್, ಕೆಲಸ ನಂದೇ. ತಪ್ಪು ನಂದಲ್ಲ. ಆ ಚುಕ್ಕೆ ಹಿಂದಿಂದು ಅಂತ ನಾನು ಪೇಪರ್ ಹೋಗೋಕೆ ಮೊದಲೇ ಹೇಳಿದ್ದೆ. ಬನ್ನಿ, ತೋರಿಸ್ತೀನಿ."

ಅವಳು ಕೋಣೆಗೆ ಹೋಗಿ ಯಂತ್ರ ಚಾಲೂ ಮಾಡಿದಳು. ಕಂಠಪ್ಪನವರು ಅವಳ ಹಿಂದೆ ನಿಂತರು. ಹಳೆಯ ದತ್ತಾಂಶ ಹಾಕಿ, ಕಟ್ಟಿಹಾಕಿದ್ದ ಸಂಖ್ಯೆಯನ್ನು ಬಿಡಿಸಿ ಓಡಿಸಿದಳು. ಗೆರೆ ಬಂದು ದತ್ತಾಂಶದ ಬಿಂದುಗಳ ಮೇಲೆ ನೀಟಾಗಿ ಕೂತಿತು. ಇದು ಹಿಂದಿನದ್ದೇ ಆಗಿದ್ದರೆ ಹೊಸ ದೂರದರ್ಶಕದಲ್ಲಿ ಹೇಗೆ ಕಾಣಬೇಕು ಎಂದು ಅವಳು ಹೇಳಿದ್ದೂ, ಆ ಮೂವರು ಬರೆದದ್ದೂ ಒಂದೇ ಆಗಿತ್ತು. ಕಂಠಪ್ಪನವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. ಅವರಿಗೆ ಎಲ್ಲ ಅರ್ಥವಾಗಿತ್ತು. ಅರ್ಥವಾದದ್ದು ಅವರ ಮುಖದಲ್ಲಿ ಕಂಡಿತು, ಆಮೇಲೆ ಅದು ನಿಧಾನವಾಗಿ ಮರೆಯಾದದ್ದೂ ಕಂಡಿತು.

"ಇಷ್ಟು ಚೆನ್ನಾಗಿ ಗೊತ್ತಿರೋಳು ನೀನು," ಎಂದರು. "ಅಂದ್ಮೇಲೆ ಮಾಡಿದ್ದು ನೀನೇ ಅನ್ನೋದರಲ್ಲಿ ಅನುಮಾನ ಇಲ್ಲ."

"ಹೌದು ಸರ್. ಆ ಸಂಖ್ಯೆ ಕಟ್ಟಿಹಾಕಿದ್ದು ನಾನಲ್ಲ."

"ಅದನ್ನ ಯಾರು ನೋಡಿದಾರೆ?"

ಮೀನಾ ಬಾಗಿಲಾಚೆ ಕಿಟಕಿಯ ಬಳಿಯಿದ್ದ ಗಂಡನ ಕಡೆ ತಿರುಗಿದಳು. "ಬಾವ, ನೀವು ಹೇಳಿ."

ಧರ್ಮೇಂದ್ರ ಸರಳಿನಿಂದ ಕೈ ತೆಗೆದ. ಆಮೇಲೆ, "ಆಗ ಏನೇನ್ ಮಾತಾಡಿದ್ವೋ ನಂಗೀಗ ಜ್ಞಾಪಕ ಇಲ್ಲ," ಎಂದ.

ಕಂಠಪ್ಪನವರು ಪತ್ರಿಕೆಗೆ ತಿದ್ದುಪಡಿ ಕಳಿಸೋಣ, ಅದರಲ್ಲಿ ವಿಶ್ಲೇಷಣೆ ಯಾರು ಮಾಡಿದ್ದೆಂದು ಹೆಸರು ಹಾಕಬೇಕಾಗುತ್ತದೆ ಎಂದರು. ಹುದ್ದೆಯ ಮಾತು ನಡೆಯುತ್ತಿದೆ, ಗಂಡನ ಬಾಳು, ಮಗುವಿನ ಮುಖ ನೋಡಬೇಕು ಎಂದರು. ಮೀನಾ ಬೇಡ ಎನ್ನಬಹುದಿತ್ತು. ಹಾಗೆ ಅಂದರೆ ಅದು ತನ್ನ ಕೆಲಸವೇ ಅಲ್ಲ ಎಂದಂತಾಗುತ್ತಿತ್ತು. ಅಷ್ಟು ವರ್ಷದ ಮಧ್ಯಾಹ್ನಗಳನ್ನು ತಾನೇ ಅಲ್ಲಗಳೆಯಲು ಅವಳಿಗೆ ಮನಸ್ಸು ಬರಲಿಲ್ಲ.

"ಹೆಸರು ಹಾಕಿ ಸರ್," ಎಂದಳು. "ತಿದ್ದುಪಡಿ ನಾನೇ ಬರೀತೀನಿ. ಸರಿಯಾದ ಲೆಕ್ಕಾನೂ ಹಾಕ್ತೀನಿ. ಅದು ಹಿಂದಿನ ಗೆಲಾಕ್ಸಿ ಅಂತ ಈ ದತ್ತಾಂಶದಲ್ಲೇ ಗೊತ್ತಾಗ್ತಿತ್ತು ಅನ್ನೋದೂ ಬರಬೇಕು."

"ಆಗಲಿ ಆಗಲಿ, ಬರಿ," ಎಂದರು ಕಂಠಪ್ಪ.

ಅವಳು ವಾರ ಪೂರ್ತಿ ಕೂತು ಬರೆದಳು. ಎರಡು ಚಿತ್ರ, ಒಂದು ಪಟ್ಟಿ, ಒಂದೂವರೆ ಪುಟ. ಪತ್ರಿಕೆಯಲ್ಲಿ ಬಂದದ್ದು ಎರಡು ಸಾಲು. ಶ್ರೀಮತಿ ಮೀನಾ ಅವರು ಮಾಡಿದ ವಿಶ್ಲೇಷಣೆಯಲ್ಲಿ ದೋಷವಿದ್ದ ಕಾರಣ ದಕ್ಷಿಣದ ಅಂಚಿನ ಕುರಿತ ನಿರ್ಣಯವನ್ನು ಲೇಖಕರು ಹಿಂತೆಗೆದುಕೊಳ್ಳುತ್ತಾರೆ. ಸಂಪಾದಕರು ಮೊಟಕು ಮಾಡಿದರು ಎಂದು ಕಂಠಪ್ಪನವರು ಹೇಳಿ ಕಳಿಸಿದರು. ಇರಬಹುದು, ಇಲ್ಲದಿರಬಹುದು. ಅವಳ ಹೆಸರು ವಿಜ್ಞಾನದ ಪತ್ರಿಕೆಯಲ್ಲಿ ಅಚ್ಚಾದದ್ದು ಅದೇ ಮೊದಲು.

ಧರ್ಮೇಂದ್ರನಿಗೆ ರೀಡರ್ ಹುದ್ದೆ ಸಿಕ್ಕಿತು. ತಪ್ಪನ್ನು ಮರೆಮಾಚದೆ ಒಪ್ಪಿಕೊಂಡ ಪ್ರಾಮಾಣಿಕತೆಯನ್ನು ಆಯ್ಕೆ ಸಮಿತಿಯವರು ಬಾಯಿ ತುಂಬ ಹೊಗಳಿದರಂತೆ. ಅದನ್ನು ಅವನು ಮನೆಯಲ್ಲಿ ಹೇಳಲಿಲ್ಲ. ಕಾಲೇಜಿನ ಹಳೆಯ ಸಹೋದ್ಯೋಗಿಯೊಬ್ಬ ಸಿಹಿ ತಿನ್ನಲು ಬಂದಾಗ ಹೇಳಿ ಹೋದ.

ಆಮೇಲೂ ಒಂದೇ ಮನೆಯಲ್ಲಿ ಊಟ, ನಿದ್ದೆ ನಡೆದವು. ಮೀನಾ ಜಗಳವಾಡಲಿಲ್ಲ. ಬಾವ ಎಂದು ಕರೆಯುವುದನ್ನು ಮಾತ್ರ ಬಿಟ್ಟಳು. "ಇಲ್ಲಿ ನೋಡಿ", "ಊಟಕ್ಕೆ ಬನ್ನಿ", ಅಷ್ಟೇ. ಧರ್ಮೇಂದ್ರನಿಗೆ ಅದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಆದರೂ ಕೇಳುವ ಧೈರ್ಯ ಅವನಿಗಿರಲಿಲ್ಲ.

ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಮೀನಾ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಪ್ರಾಜೆಕ್ಟ್ ಸಹಾಯಕಿ ಕೆಲಸಕ್ಕೆ ಅರ್ಜಿ ಹಾಕಿದಳು. ಎಕ್ಸ್-ರೇ ದತ್ತಾಂಶ ಬಿಡಿಸುವ ಕೆಲಸವೇ. ಸಂದರ್ಶನಕ್ಕೆ ಕರೆ ಬಂತು. ದೊಡ್ಡಬೀರಯ್ಯ ಹಾರನಹಳ್ಳಿಯಿಂದ ಬಂದು ಮಗಳ ಜೊತೆ ಬೆಂಗಳೂರಿಗೆ ಹೋಗಿ, ಸಂಸ್ಥೆಯ ಗೇಟಿನ ಹೊರಗೆ ಮರದಡಿ ಕೂತ.

ಒಳಗೆ ಮೂರು ಜನರಿದ್ದರು. ಅವರು ಕೇಳಿದ ಪ್ರಶ್ನೆಗಳಿಗೆಲ್ಲ ಅವಳು ಸಲೀಸಾಗಿ ಉತ್ತರ ಕೊಟ್ಟಳು. ಒಬ್ಬರಂತೂ ಖುಷಿಯಾಗಿ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಕೊನೆಯಲ್ಲಿ ನಡುವೆ ಕೂತಿದ್ದ ಹೆಂಗಸು ಒಂದು ಹಾಳೆ ತಿರುಗಿಸಿದರು.

"ಹೆಸರು ಹುಡುಕಿದಾಗ ಇದೊಂದು ಸಿಕ್ಕಿತು. ಈ ತಿದ್ದುಪಡಿಯಲ್ಲಿರೋ ಮೀನಾ ನೀವೇನಾ?"

"ಹೌದು ಮೇಡಂ."

ಅವಳು ಆದದ್ದನ್ನು ಹೇಳಿದಳು. ಎಲ್ಲೂ ದನಿ ಏರಿಸಲಿಲ್ಲ. ಮೂವರೂ ಮರ್ಯಾದೆಯಿಂದ ಕೇಳಿಸಿಕೊಂಡರು.

"ಮೂಲ ಪೇಪರ್‌ನಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ."

"ಇಲ್ಲ ಮೇಡಂ."

"ಹಾಗಾದರೆ ನೀವು ಮಾಡಿದ ಕೆಲಸ ಅಂತ ನಾವು ಯಾವುದನ್ನ ನೋಡಬೇಕು ಹೇಳಿ?"

"ಆ ತಪ್ಪನ್ನೇ ನೋಡಬೇಕು," ಎಂದಳು ಮೀನಾ. "ಹೆಸರಿರೋದು ಅದೊಂದಕ್ಕೇ."

ಯಾರೂ ನಗಲಿಲ್ಲ. ತಿಳಿಸುತ್ತೇವೆ ಎಂದರು. ಹೊರಗೆ ಬಂದಾಗ ದೊಡ್ಡಬೀರಯ್ಯ, "ಆಯ್ತಾ ಮಗ?" ಎಂದು ಎದ್ದು ನಿಂತ. ಅವಳು, "ಹೋಗಣ ನಡಿಯಪ್ಪ," ಎಂದಳು. ಸಂಸ್ಥೆಯಿಂದ ಆಮೇಲೆ ಕಾಗದ ಬರಲಿಲ್ಲ.

ಅದೇ ವರ್ಷ ಕೇಂದ್ರದಲ್ಲಿ ಧರ್ಮೇಂದ್ರನ ಕೈಕೆಳಗೆ ಮೊದಲ ಸಂಶೋಧನಾ ವಿದ್ಯಾರ್ಥಿಯೊಬ್ಬ ಬಂದ. ಅವನಿಗೆ ದತ್ತಾಂಶ ಬಿಡಿಸುವುದನ್ನು ಹೇಳಿಕೊಡಬೇಕಿತ್ತು. ಒಂದು ಸಂಜೆ ಧರ್ಮೇಂದ್ರ ಸೀಡಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಹೊಸ ದೂರದರ್ಶಕದ್ದು ಕಣೆ. ಭಾಳ ಚೆನ್ನಾಗೈತೆ. ನೀನೊಂದ್ ಸಲ ನೋಡುದ್ರೆ... ಈ ಸಲ ಹೆಸ್ರು ಹಾಕ್ತೀನಿ. ಮೊದಲ್ನೇದೇ ನಿಂದು."

ಮೀನಾ ರಾಗಿ ಮುದ್ದೆ ತಿರುವುತ್ತಿದ್ದಳು. ಹಿಟ್ಟಿನ ಕೋಲು ನಿಲ್ಲಿಸಲಿಲ್ಲ. "ನನ್ ಹೆಸ್ರು ಈಗಾಗ್ಲೇ ಐತಲ್ಲ. ಇನ್ಯಾಕೆ?"

"ಎಷ್ಟ್ ದಿನ ಅಂತ ಅದ್ನೇ ಇಟ್ಕೊಂಡಿರ್ತೀಯ? ನಂಗೂ ನಿದ್ದೆ ಬರಲ್ಲ ಮೀನಾ. ಅವತ್ತು ಹೆದ್ರಿಬುಟ್ಟೆ."

"ಜ್ಞಾಪಕ ಬಂತಾ?" ಎಂದಳು ಅವಳು.

ಅವನು ಸೀಡಿಯನ್ನು ಪಾತ್ರೆ ಸ್ಟ್ಯಾಂಡಿನ ಮೇಲಿಟ್ಟು ಹೋದ. ಅವಳು ಅದನ್ನು ಮುಟ್ಟಲಿಲ್ಲ. ಹೊಸ ದೂರದರ್ಶಕದ ಚಿತ್ರವನ್ನು ಒಮ್ಮೆಯಾದರೂ ತನ್ನ ಕೈಯಿಂದ ಬಿಡಿಸಿ ನೋಡಬೇಕೆಂದು ಅವಳಿಗೆ ಎಷ್ಟು ಆಸೆಯಿತ್ತೆಂದರೆ, ಆ ಸೀಡಿ ಅಲ್ಲಿದ್ದ ಮೂರ್ನಾಲ್ಕು ದಿನ ಸ್ಟ್ಯಾಂಡಿನ ಕಡೆ ಮುಖ ಮಾಡಿ ನಿಲ್ಲುವುದನ್ನೇ ಬಿಟ್ಟಳು. ಆಮೇಲೆ ಅವನೇ ತೆಗೆದುಕೊಂಡು ಹೋದ.

ಮಾರನೆಯ ಜೂನ್‌ನಲ್ಲಿ ಹೆಗ್ಗಡದೇವನಕೋಟೆಯ ಒಂದು ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಹುಣಸೂರಿನಿಂದ ದಿನಾ ಓಡಾಡಬಹುದಿತ್ತು. ಅವಳು ಕೋಟೆಯಲ್ಲೇ ಮನೆ ಹಿಡಿದು, ಮಗಳನ್ನು ಅಲ್ಲಿನ ಶಾಲೆಗೆ ಸೇರಿಸಿದಳು. ಧರ್ಮೇಂದ್ರ ತಡೆಯಲಿಲ್ಲ. ಸಾಮಾನು ಸಾಗಿಸುವ ದಿನ ಕಂಪ್ಯೂಟರನ್ನೂ ಹಾಕಿಕೊಂಡು ಹೋಗು ಎಂದ. ಅದರಲ್ಲಿ ಈಗ ಏನೂ ನಡೆಯಲ್ಲ, ಹಳೇದಾಯ್ತು ಎಂದು ಬಿಟ್ಟು ಹೋದಳು.

ದಸರಾ ರಜೆಗೆ ಮೊದಲು ಬೀರಮ್ಮ ಒಬ್ಬಳೇ ಬಸ್ಸಿನಲ್ಲಿ ಕೋಟೆಗೆ ಬಂದಳು. ಮೊಮ್ಮಗಳಿಗೆ ಚಕ್ಕುಲಿ ತಂದಿದ್ದಳು. ಊಟವಾದ ಮೇಲೆ ಎಲೆ ಅಡಿಕೆ ಬಿಚ್ಚಿ, ಸುಣ್ಣ ಹಚ್ಚುತ್ತಾ ಹಚ್ಚುತ್ತಾ ಕೈ ನಿಲ್ಲಿಸಿದಳು.

"ಅವತ್ತು ನಾನ್ ಬಾಯ್ ಬುಟ್ಟು ಕೆಡ್ಸ್‌ಬುಟ್ನೇನವ್ವ?"

"ಇಲ್ಲ ಅತ್ತೆ. ನೀವ್ ದಿಟ ಹೇಳುದ್ರಿ."

"ದಿಟಾನೇ ಕಣವ್ವ. ನಿನ್ಗೂ ಒಂದ್ ಮರ್ವಾದಿ ಸಿಗ್ಲಿ ಅಂತ ಅಂದೆ. ದಿಟ ಹೇಳುದ್ರೆ ಯಾಕಂಗಾಯ್ತು?"

ಮೀನಾ ಅತ್ತೆಯ ಕೈಯಿಂದ ಎಲೆ ತೆಗೆದುಕೊಂಡು ತಾನೇ ಸುಣ್ಣ ಹಚ್ಚಿ, ಮಡಚಿ ಕೊಟ್ಟಳು. ಬೀರಮ್ಮ ಅದನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತಳು. ಸಂಜೆಯ ಬಸ್ಸಿಗೆ ಹತ್ತಿಸಲು ಹೋದಾಗ ಕಾಲೇಜಿನ ಇತಿಹಾಸದ ಮೇಷ್ಟ್ರು ಚೆಲುವಯ್ಯ ಬಸ್ ಸ್ಟ್ಯಾಂಡಿನಲ್ಲಿ ಎದುರಾದರು. ಯಾರಮ್ಮ ಇವರು ಎಂದು ಕೇಳಿ, ನಮ್ಮತ್ತೆ ಎಂದ ಕೂಡಲೇ ಬೀರಮ್ಮನಿಗೆ ಕೈಮುಗಿದರು.

"ಓ, ಧರ್ಮೇಂದ್ರ ಸಾಹೇಬ್ರ ತಾಯಿನಾ! ಪೇಪರ್‌ನಾಗೆ ಬಂದಿತ್ತಲ್ಲ, ನಕ್ಷತ್ರದ ಡಾಕ್ಟ್ರು. ಪುಣ್ಯ ಮಾಡಿದ್ದೀರಿ ಬುಡಿ." ಆಮೇಲೆ ಮೀನಾಳ ಕಡೆ ತಿರುಗಿ, "ನೀವೂ ಅದೇ ಸಬ್ಜೆಕ್ಟ್ ಅಲ್ವಾ ಮೇಡಂ? ಮನೇಲಿ ಅವ್ರಿಗೆ ಏನಾರ ಸಹಾಯ ಮಾಡ್ತಿದ್ರಾ?" ಎಂದರು.

ಬೀರಮ್ಮ ಸೊಸೆಯ ಮುಖ ನೋಡಿದಳು. ಏನೋ ಹೇಳಲು ಹೊರಟವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಬಸ್ಸಿನ ಮೆಟ್ಟಿಲು ಹತ್ತಿದಳು.

"ಇಲ್ಲ ಸರ್," ಎಂದಳು ಮೀನಾ. ಮರುದಿನ ಮೊದಲ ಪೀರಿಯಡ್ಡಿಗೆ ದ್ವಿತೀಯ ಪಿಯುಸಿಗೆ ಮಸೂರಗಳ ಪಾಠವಿತ್ತು. ಅದನ್ನು ಓದಿಕೊಳ್ಳಬೇಕೆಂದು ಹೇಳಿ ಮನೆಯ ಕಡೆ ನಡೆದಳು.